ತೂಲೋನ್ ಬಂದರಿಗೆ ಮೈಸೂರಿನ ದಾರಿ

1788ನೇ ಇಸವಿ, ಜೂನ್ 9. ಫ್ರಾನ್ಸಿನ ದಕ್ಷಿಣಕ್ಕೆ ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ತೂಲೋನ್ ಬಂದರಿಗೆ ಒಂದು ಹಡಗು ಬಂದು ಲಂಗರು ಹಾಕಿತು. ಅದರಿಂದ ಇಳಿದವರಲ್ಲಿ ಮುಖ್ಯರಾದವರು ಮೂವರು. ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. ಮೂವರೂ ಮೈಸೂರು ರಾಜ್ಯದವರು, ಟಿಪ್ಪು ಸುಲ್ತಾನನ ರಾಯಭಾರಿಗಳು. ಜೊತೆಗೆ ನೌಕರರಿದ್ದರು, ಅಡುಗೆಯವರಿದ್ದರು. ಇವರು ಪಾಂಡಿಚೇರಿಯಲ್ಲಿ ಹಡಗು ಹತ್ತಿದ್ದು ಹಿಂದಿನ ವರ್ಷದ ಜುಲೈ 22ರಂದು. ಅಂದರೆ ಹತ್ತೂವರೆ ತಿಂಗಳ ಪ್ರಯಾಣ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಿಲ್ಲದ ಕಾಲದಲ್ಲಿ ಮಾರಿಷಸ್ ದ್ವೀಪದಲ್ಲಿ ತಂಗಿ, ಆಫ್ರಿಕಾದ ತುದಿಯನ್ನು ಸುತ್ತಿ, ಪಶ್ಚಿಮ ತೀರದ ಗೋರೆ ದ್ವೀಪವನ್ನು ಮುಟ್ಟಿ, ಸ್ಪೇನಿನ ಮಲಾಗಾ ದಾಟಿ ಮೆಡಿಟರೇನಿಯನ್ನಿಗೆ ಬರಬೇಕಾಗಿತ್ತು.

ನಾವು ಶಾಲೆಯಲ್ಲಿ ಓದಿದ ಪುಸ್ತಕದಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಟಿಪ್ಪುವು ಫ್ರಾನ್ಸ್ ಮತ್ತು ಟರ್ಕಿ ದೇಶಗಳಿಗೆ ರಾಯಭಾರಿಗಳನ್ನು ಕಳುಹಿಸಿದನು, ಅಷ್ಟೆ. ಎರಡು ಅಂಕದ ಪ್ರಶ್ನೆ. ಹೋದವರು ಯಾರು, ಯಾವ ದಾರಿಯಲ್ಲಿ ಹೋದರು, ಏನು ಹೊತ್ತುಕೊಂಡು ಹೋದರು, ಎಷ್ಟು ಜನ ವಾಪಸು ಬಂದರು ಎಂದು ನಮ್ಮ ಮೇಷ್ಟ್ರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಕೇಳಿಕೊಳ್ಳಲು ಒಂದು ನೆಪ ಸಿಕ್ಕಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಕೂಡಿಟ್ಟ ದುಡ್ಡಿನಲ್ಲಿ ಒಮ್ಮೆ ಯುರೋಪು ನೋಡಬೇಕೆಂದು ಹಟ ಹಿಡಿದಿದ್ದಾಳೆ. "ಮಾಮೂ, ನೀವೂ ಬನ್ನಿ. ಪ್ಯಾರಿಸ್ ನಾನು ನೋಡ್ತೀನಿ, ಇನ್ನೊಂದು ಊರು ನೀವು ಹೇಳಿ" ಎಂದಳು. ನಾನು ತೂಲೋನ್ ಎಂದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಉಮ್ರಾ ಟಿಕೆಟ್ ಮಾಡಿಸಿಕೊಡುವ ಪರಿಚಯದವರೊಬ್ಬರನ್ನು ವಿಚಾರಿಸಿದರೆ ಅವರು ಕಂಪ್ಯೂಟರಿನಿಂದ ತಲೆ ಎತ್ತಿ, "ಜಿದ್ದಾ ಅಂದ್ರೆ ಈಗಲೇ ಹೇಳ್ತೀನಿ ಭಾಯ್, ಈ ಊರಿನ ಸ್ಪೆಲ್ಲಿಂಗ್ ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವಿದೆ, ಸುಮಾರು ಹತ್ತು ಗಂಟೆಯ ಹಾರಾಟ. ಅಲ್ಲಿಂದ ವೇಗದ ರೈಲು ಹಿಡಿದರೆ ನಾಲ್ಕು ಗಂಟೆ ಚಿಲ್ಲರೆಯಲ್ಲಿ ತೂಲೋನ್. ದರ್ವೇಶ್ ಖಾನರ ಹತ್ತೂವರೆ ತಿಂಗಳು ನಮಗೆ ಒಂದು ಹಗಲು ಒಂದು ರಾತ್ರಿ.

ಈ ಪ್ರಯಾಣದಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ಮನೆಯಿಂದ ವಿಮಾನ ನಿಲ್ದಾಣದವರೆಗಿನ ದಾರಿ. ಬಂಗಾರಪೇಟೆಯಿಂದ ಕೋಲಾರ, ಅಲ್ಲಿಂದ ಹೊಸಕೋಟೆ, ಸೂಲಿಬೆಲೆ, ದೇವನಹಳ್ಳಿ. ನಮ್ಮ ತಾಲೂಕಿನಲ್ಲೇ ಇರುವ ಬೂದಿಕೋಟೆ ಹೈದರ್ ಅಲಿ ಹುಟ್ಟಿದ ಊರು, ಸುಮಾರು 1721ರಲ್ಲಿ. ಕೋಲಾರದ ಮಕ್ಬರಾದಲ್ಲಿ ಹೈದರನ ತಂದೆ ಫತೇ ಮೊಹಮ್ಮದ್ ಮಲಗಿದ್ದಾರೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ಸತ್ತಾಗ ಸುದ್ದಿ ಹೊರಬೀಳದಂತೆ ಅವನ ದೇಹವನ್ನು ಮೊದಲು ತಂದಿಟ್ಟದ್ದೂ ಇದೇ ಕೋಲಾರದಲ್ಲಿ. ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಇನ್ನು ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. 2008ರ ಮೇ ತಿಂಗಳಲ್ಲಿ ಅದರ ಪಕ್ಕದಲ್ಲೇ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಹೀಗೆ ನಮ್ಮ ಕಡೆಯವರು ಯಾರೇ ವಿಮಾನ ಹತ್ತಬೇಕಾದರೂ ಅಜ್ಜ, ಮಗ, ಮೊಮ್ಮಗ ಮೂರು ತಲೆಮಾರನ್ನು ದಾಟಿಕೊಂಡೇ ಹೋಗಬೇಕು. ಉಮ್ರಾಕ್ಕೆ ಹೋಗುವವರೂ ಅಷ್ಟೆ, ದುಬೈಗೆ ದುಡಿಯಲು ಹೋಗುವವರೂ ಅಷ್ಟೆ.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1860ರ ದಶಕದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಇಟ್ಟದ್ದು. ಈ ಬೌರಿಂಗ್ ದೊರೆ ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ ಮೇಲೆ 1893ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದು ಹೈದರ್ ಮತ್ತು ಟಿಪ್ಪುವಿನ ಚರಿತ್ರೆ! ಹೈದರ್ ಹುಟ್ಟಿದ ತಾಲೂಕಿಗೆ ಹೈದರನ ಚರಿತ್ರೆ ಬರೆದ ಇಂಗ್ಲಿಷನ ಹೆಸರು ಬಿದ್ದಿತ್ತು.

ಇರಲಿ. ಟಿಪ್ಪುವಿನ ಪ್ರಯಾಣದ ಯೋಜನೆಗೆ ಬರುತ್ತೇನೆ.

ಮೊದಲಿಗೆ ಅವನು ಹಾಕಿದ್ದು ಬೇರೆಯೇ ಲೆಕ್ಕ. 1783ರಲ್ಲಿ ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾಯಿತು. ಇಲ್ಲಿ ಟಿಪ್ಪುವಿನ ಜೊತೆಗೂಡಿ ಹೋರಾಡುತ್ತಿದ್ದ ಫ್ರೆಂಚ್ ಸೈನ್ಯ ಯುದ್ಧದ ಮಧ್ಯೆಯೇ ಕೈ ಎತ್ತಿತು. ಮರುವರ್ಷ ಮಂಗಳೂರಿನಲ್ಲಿ ಟಿಪ್ಪು ಒಬ್ಬನೇ ಕುಳಿತು ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಪಾಂಡಿಚೇರಿಯ ಗವರ್ನರನ ಮಾತಿಗೂ ಪ್ಯಾರಿಸ್ಸಿನ ರಾಜನ ಮಾತಿಗೂ ಅಂತರವಿದೆ ಎಂಬುದು ಅವನಿಗೆ ಆಗ ತಿಳಿಯಿತು. ರಾಜನನ್ನೇ ನೇರವಾಗಿ ಕೇಳಬೇಕು ಎಂದು ತೀರ್ಮಾನಿಸಿದ. ಗುಲಾಮ್ ಅಲಿ ಖಾನ್ ಮುಂದಾಳತ್ವದಲ್ಲಿ ಒಂದು ದೊಡ್ಡ ತಂಡವನ್ನು ಕಟ್ಟಿದ. ಇವರು ಇಸ್ತಾಂಬುಲ್‌ಗೆ ಹೋಗಿ ಉಸ್ಮಾನಿ ಸುಲ್ತಾನನನ್ನು ಕಾಣಬೇಕು, ಅಲ್ಲಿಂದ ಪ್ಯಾರಿಸ್, ಆಮೇಲೆ ಲಂಡನ್. 1786ರ ಮಾರ್ಚ್ 9ರಂದು ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳು ಹೊರಟವು. ಸುಮಾರು ಒಂಬೈನೂರು ಜನ. ಬಟ್ಟೆ, ಗಂಧ, ಮೆಣಸು, ಕಾಣಿಕೆಯ ಆಭರಣಗಳ ಜೊತೆಗೆ ಆನೆಗಳನ್ನೂ ಹತ್ತಿಸಿದ್ದರು.

ಈ ತಂಡಕ್ಕೆ ಟಿಪ್ಪು ಕೊಟ್ಟ ಹುಕುಂನಾಮೆ ಓದಬೇಕಾದ ದಾಖಲೆ. ಬಸ್ರಾ ಬಂದರನ್ನು ಗುತ್ತಿಗೆಗೆ ಕೇಳಿ, ಬದಲಿಗೆ ಮಂಗಳೂರಿನಲ್ಲಿ ತುರ್ಕರಿಗೆ ಅನುಕೂಲ ಮಾಡಿಕೊಡೋಣ ಎಂಬುದು ಒಂದು ಸೂಚನೆ. ನಜಫ್‌ನಲ್ಲಿ ನೀರಿಗೆ ಕಷ್ಟವಿದೆ, ಯೂಫ್ರೆಟಿಸ್ ನದಿಯಿಂದ ಅಲ್ಲಿಗೆ ಕಾಲುವೆ ತೋಡಿಸುವ ಖರ್ಚು ನಮ್ಮದು ಎಂಬುದು ಇನ್ನೊಂದು. ದಾರಿಯಲ್ಲಿ ಸಿಗುವ ಕುಶಲಕರ್ಮಿಗಳನ್ನು ಒಪ್ಪಿಸಿ ಕರೆತನ್ನಿ ಎಂದೂ ಹೇಳಿದ್ದಾನೆ. ಶ್ರೀರಂಗಪಟ್ಟಣದ ಕೋಣೆಯೊಂದರಲ್ಲಿ ಕುಳಿತು ಕಾಣದ ಊರಿನ ನೀರಿನ ಬಗ್ಗೆ ಯೋಚಿಸಿದ ಮನುಷ್ಯ ಇವನು. ಆದರೆ ಯಾವುದೂ ನಡೆಯಲಿಲ್ಲ. ಆನೆಗಳು ಒಂದೂ ಇಸ್ತಾಂಬುಲ್ ತಲುಪಲಿಲ್ಲ. ಮಸ್ಕತ್, ಬಸ್ರಾ, ಬಾಗ್ದಾದ್ ದಾಟಿ ತಂಡ ಅಲ್ಲಿಗೆ ಮುಟ್ಟಿದ್ದು 1787ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ತುರ್ಕರಿಗೂ ರಷ್ಯಾಕ್ಕೂ ಯುದ್ಧ ಹತ್ತಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಇಂಗ್ಲಿಷರನ್ನು ಎದುರುಹಾಕಿಕೊಳ್ಳಲು ಸುಲ್ತಾನ್ ಅಬ್ದುಲ್ ಹಮೀದ್ ತಯಾರಿರಲಿಲ್ಲ. ಮರ್ಯಾದೆ ಸಿಕ್ಕಿತು, ಟಿಪ್ಪುವನ್ನು ಸ್ವತಂತ್ರ ಅರಸನೆಂದು ಒಪ್ಪುವ ಪತ್ರವೂ ಸಿಕ್ಕಿತು. ಸೈನ್ಯ ಸಿಗಲಿಲ್ಲ. ಚಳಿ ಮತ್ತು ಪ್ಲೇಗಿನಲ್ಲಿ ತಂಡದ ಬಹುಪಾಲು ಜನ ಅಲ್ಲೇ ಮಣ್ಣಾದರು. ಉಳಿದವರು ಪ್ಯಾರಿಸ್ಸಿಗೆ ಹೋಗದೆ ಈಜಿಪ್ಟಿನ ಮೇಲೆ ಹಾಯ್ದು, ಹಜ್ ಮುಗಿಸಿ, 1789ರ ಡಿಸೆಂಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದರು. ಪ್ರಯಾಣದ ಮೊದಲ ಭಾಗದ ದಿನಚರಿಯನ್ನು ಖ್ವಾಜಾ ಅಬ್ದುಲ್ ಖಾದಿರ್ ಎಂಬ ಕಾರ್ಯದರ್ಶಿ ಫಾರಸಿಯಲ್ಲಿ ಬರೆದಿಟ್ಟಿದ್ದಾರೆ. ಅದನ್ನು ಚರಿತ್ರೆಕಾರ ಮೊಹಿಬ್ಬುಲ್ ಹಸನ್ 1968ರಲ್ಲಿ ಸಂಪಾದಿಸಿ ಹೊರತಂದರು.

ಈ ತಂಡ ಇನ್ನೂ ದಾರಿಯಲ್ಲಿರುವಾಗಲೇ ಟಿಪ್ಪು ಎರಡನೆಯ ಯೋಜನೆ ಹಾಕಿದ. ಮರುಭೂಮಿ ಬೇಡ, ತುರ್ಕರ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯುವುದೂ ಬೇಡ, ನೇರವಾಗಿ ಸಮುದ್ರದ ಮೇಲೆ ಫ್ರಾನ್ಸಿಗೆ. ತಂಡ ಚಿಕ್ಕದಿರಲಿ. ಪಾಂಡಿಚೇರಿಯ ವ್ಯಾಪಾರಿ ಪಿಯೇರ್ ಮೊನೆರಾನ್ ಇವರನ್ನು ಕರೆದೊಯ್ಯುವ ಹೊಣೆ ಹೊತ್ತ. ಹೀಗೆ ದರ್ವೇಶ್ ಖಾನ್ ಮತ್ತು ಸಂಗಡಿಗರು ತೂಲೋನ್ ಮುಟ್ಟಿದರು.

ತೂಲೋನ್ ಫ್ರೆಂಚ್ ನೌಕಾಪಡೆಯ ದೊಡ್ಡ ನೆಲೆ, ಈಗಲೂ ಹಾಗೆಯೇ. ಅಲ್ಲಿ ಅತಿಥಿಗಳಿಗೆ ವೈಭವದ ಸ್ವಾಗತ ದೊರೆಯಿತು. ಮಾರ್ಸೆ, ಗ್ರೆನೋಬಲ್, ಲಿಯಾನ್ ಮೂಲಕ ಸಾಗಿ ಜುಲೈ ಮಧ್ಯದಲ್ಲಿ ಪ್ಯಾರಿಸ್ ತಲುಪಿದರು. ಹೋದಲ್ಲೆಲ್ಲ ಇವರ ಮಸ್ಲಿನ್ ಜಾಮಾ, ರುಮಾಲು ನೋಡಲು ಜನ ಮುಗಿಬಿದ್ದರು. ಆಗಸ್ಟ್ 10ರಂದು ವರ್ಸಾಯ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಇವರಿಗೆ ದರ್ಶನ ಕೊಟ್ಟ.

ಇಲ್ಲಿ ತಾರೀಖುಗಳನ್ನು ಸ್ವಲ್ಪ ಗಮನಿಸಬೇಕು. ಅದಕ್ಕೆ ಎರಡು ದಿನ ಹಿಂದೆ, ಆಗಸ್ಟ್ 8ರಂದು, ಹಣವಿಲ್ಲದೆ ಕಂಗೆಟ್ಟ ಲೂಯಿ ಸರ್ಕಾರ 170ಕ್ಕೂ ಹೆಚ್ಚು ವರ್ಷಗಳಿಂದ ಸೇರದಿದ್ದ ಎಸ್ಟೇಟ್ಸ್ ಜನರಲ್ ಸಭೆಯನ್ನು ಕರೆಯಲು ಒಪ್ಪಿತ್ತು. ಆರು ದಿನ ನಂತರ, ಆಗಸ್ಟ್ 16ರಂದು, ಖಜಾನೆ ಪಾವತಿಗಳನ್ನು ನಿಲ್ಲಿಸಿತು. ದಿವಾಳಿಯ ಎರಡು ದಿನಗಳ ನಡುವೆ ಮೈಸೂರಿನವರಿಗೆ ದರ್ಬಾರು! ಫ್ರೆಂಚ್ ಸೈನ್ಯ ಬೇಕು, ಅದು ತನ್ನ ಅಪ್ಪಣೆಯಲ್ಲಿರಬೇಕು, ಇಂಗ್ಲಿಷರನ್ನು ಹೊರಗಟ್ಟುವ ತನಕ ಜೊತೆ ಬಿಡಬಾರದು ಎಂಬುದು ಟಿಪ್ಪುವಿನ ಬೇಡಿಕೆ. ಅದನ್ನು ಈಡೇರಿಸುವ ಶಕ್ತಿ ಆ ಮನೆಯಲ್ಲಿ ಉಳಿದಿರಲಿಲ್ಲ. 1787ರ ಜುಲೈನಲ್ಲಿ ಪಾಂಡಿಚೇರಿ ಬಿಟ್ಟವರಿಗೆ ಇದು ಗೊತ್ತಾಗುವುದಾದರೂ ಹೇಗೆ? ಟಿಪ್ಪುವಿನ ಯೋಜನೆಯಲ್ಲಿ ಹಡಗಿತ್ತು, ದುಡ್ಡಿತ್ತು, ಕಾಣಿಕೆಯಿತ್ತು, ಮಾತಾಡಬೇಕಾದ ಮಾತೂ ಬರೆದಿಟ್ಟಿತ್ತು. ಸುದ್ದಿ ಮಾತ್ರ ಇರಲಿಲ್ಲ. ಪರಿಸ್ಥಿತಿ ಬದಲಾದರೆ ತಾವೇ ಯೋಚಿಸಿ ಮಾತು ಬದಲಿಸುವ ಅಧಿಕಾರವನ್ನೂ ರಾಯಭಾರಿಗಳಿಗೆ ಅವನು ಕೊಟ್ಟಂತೆ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕೊರತೆ.

ಆದರೆ ಸೈನ್ಯದ ಬೇಡಿಕೆಯ ಜೊತೆಗೆ ಇನ್ನೊಂದು ಪಟ್ಟಿಯಿತ್ತು. ಫಿರಂಗಿ ಎರಕ ಹೊಯ್ಯುವವರು, ಬಂದೂಕು ಮಾಡುವವರು ಬೇಕು ಎಂದು ಅದರಲ್ಲಿರುವುದು ಆಶ್ಚರ್ಯವಲ್ಲ. ಗಡಿಯಾರ ಮಾಡುವವರು, ಪಿಂಗಾಣಿ ಕೆಲಸದವರು, ಗಾಜಿನ ಕೆಲಸದವರು, ನೇಕಾರರು, ಒಬ್ಬ ವೈದ್ಯ, ಜೊತೆಗೆ ಗಿಡಗಳು, ಬೀಜಗಳು. ಇವೂ ಅದರಲ್ಲಿವೆ. ಟಿಪ್ಪುವನ್ನು ದೇವಮಾನವ ಮಾಡುವವರಿಗೂ ರಾಕ್ಷಸ ಮಾಡುವವರಿಗೂ ಈ ಪಟ್ಟಿಯಿಂದ ಪ್ರಯೋಜನವಿಲ್ಲ. ಅವನು ಶಾಂತಿದೂತನೇನಲ್ಲ, ಮೊದಲು ಕೇಳಿದ್ದು ಸೈನ್ಯವನ್ನೇ. ಆದರೆ ಇಂಗ್ಲಿಷರ ಬಲ ಅವರ ಕತ್ತಿಯಲ್ಲಷ್ಟೇ ಅಲ್ಲ, ಕಾರ್ಖಾನೆಯಲ್ಲಿದೆ ಎಂದು ಆ ಕಾಲದ ಹಿಂದೂಸ್ತಾನದ ಅರಸರಲ್ಲಿ ಇಷ್ಟು ಸ್ಪಷ್ಟವಾಗಿ ಅರಿತವರು ಅಪರೂಪ. ಲೂಯಿ ಸೈನ್ಯ ಕೊಡಲಿಲ್ಲ, ಕೆಲವು ಕುಶಲಕರ್ಮಿಗಳನ್ನು ಕಳಿಸಿಕೊಟ್ಟ. ಕೊನೆಗೆ ಆ ಪ್ರಯಾಣದಿಂದ ಮೈಸೂರಿಗೆ ದಕ್ಕಿದ್ದು ಅವರೇ, ಜೊತೆಗೆ ಸೇವ್ರ್ ಕಾರ್ಖಾನೆಯ ಪಿಂಗಾಣಿ ಸಾಮಾನು.

ಪ್ಯಾರಿಸ್ಸಿನಲ್ಲಿ ಎಲಿಜಬೆತ್ ವಿಜೇ ಲ ಬ್ರಂ ಎಂಬ ಹೆಸರಾಂತ ಚಿತ್ರಕಾರ್ತಿ ಇದ್ದಳು, ರಾಣಿಯ ಚಿತ್ರಗಳನ್ನು ಬರೆದವಳು. ಒಪೆರಾದಲ್ಲಿ ಇವರನ್ನು ಕಂಡು ಚಿತ್ರ ಬರೆಯುವ ಆಸೆಯಾಯಿತು. ರಾಜನ ಕಡೆಯಿಂದ ಹೇಳಿಸಿದ ಮೇಲಷ್ಟೇ ಇವರು ಒಪ್ಪಿದರು. ಕೈಯಲ್ಲಿ ಕತ್ತಿ ಹಿಡಿದು ನಿಂತ ದರ್ವೇಶ್ ಖಾನರ ಆಳೆತ್ತರದ ಚಿತ್ರ ಹೀಗೆ ಹುಟ್ಟಿತು. ಮುಗಿದ ಮೇಲೆ ದರ್ವೇಶ್ ಖಾನ್ ಅದನ್ನು ಬಿಟ್ಟುಕೊಡದೆ ಹಾಸಿಗೆಯ ಹಿಂದೆ ಬಚ್ಚಿಟ್ಟರಂತೆ. ಅವರ ನೌಕರನನ್ನೇ ಒಲಿಸಿಕೊಂಡು ಅವಳು ತರಿಸಿಕೊಳ್ಳಬೇಕಾಯಿತಂತೆ. ರಾಯಭಾರಿಗಳ ಮನೆಯಲ್ಲಿ ಊಟಕ್ಕೆ ಹೋದದ್ದನ್ನೂ ಅವಳು ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ನೆಲದ ಮೇಲೆ ಕೂತು, ಕೈಯಲ್ಲಿ ಬಡಿಸಿ, ಮಸಾಲೆ ಹಾಕಿದ ಕುರಿಕಾಲಿನ ಪಲ್ಯ ತಿನ್ನಿಸಿದರಂತೆ. ಅವಳಿಗೆ ಅದರ ಹೆಸರು ಗೊತ್ತಿಲ್ಲ. ಕೋಲಾರದ ಕಡೆಯ ಯಾವ ಹುಡುಗನಾದರೂ ಹೇಳಿಯಾನು, ಅದು ಪಾಯಾ!

ಅದೇ ಚಿತ್ರ 2019ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ 72 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ ಐವತ್ತು ಕೋಟಿ ರೂಪಾಯಿ. ಹೆಂಗಸೊಬ್ಬಳು ಬರೆದ ಹಳೆಯ ಕಾಲದ ಚಿತ್ರಗಳಲ್ಲಿ ಅಲ್ಲಿಯತನಕ ಅಷ್ಟು ಬೆಲೆ ಯಾವುದಕ್ಕೂ ಬಂದಿರಲಿಲ್ಲ. ಪತ್ರಿಕೆಗಳು ಬೆಲೆಯ ಬಗ್ಗೆ ಬರೆದವು, ಚಿತ್ರಕಾರ್ತಿಯ ಬಗ್ಗೆ ಬರೆದವು. ಚಿತ್ರದಲ್ಲಿರುವ ಮೈಸೂರಿನವನಿಗೆ ಒಂದೆರಡು ಸಾಲು.

ರಾಯಭಾರಿಗಳು 1788ರ ನವೆಂಬರಿನಲ್ಲಿ ಬ್ರೆಸ್ಟ್ ಬಂದರಿನಿಂದ ಹೊರಟು 1789ರ ಮೇ ತಿಂಗಳಲ್ಲಿ ಪಾಂಡಿಚೇರಿಗೆ ಬಂದರು. ಅದೇ ಮೇ ತಿಂಗಳಲ್ಲಿ ಅಲ್ಲಿ ವರ್ಸಾಯ್‌ನಲ್ಲಿ ಎಸ್ಟೇಟ್ಸ್ ಜನರಲ್ ಸೇರಿತು. ಜುಲೈಯಲ್ಲಿ ಬಾಸ್ತಿಯ್ ಸೆರೆಮನೆ ಬಿತ್ತು. ಬರಿಗೈಯಲ್ಲಿ ಬಂದವರ ಮೇಲೆ ಟಿಪ್ಪು ಸಿಟ್ಟಾದ. ಫ್ರಾನ್ಸಿನ ವೈಭವವನ್ನು ದರ್ಬಾರಿನಲ್ಲಿ ಅತಿಯಾಗಿ ಹೊಗಳಿದ್ದಕ್ಕೆ ಇಬ್ಬರನ್ನು ಕೊಲ್ಲಿಸಿದ ಎಂದು ಯುರೋಪಿನವರು ಬರೆಯುತ್ತ ಬಂದಿದ್ದಾರೆ, ಚರಿತ್ರೆಕಾರರೆಲ್ಲ ಇದನ್ನು ಒಪ್ಪಿಲ್ಲ. ಸುಳ್ಳಾಗಿರಲಿ ಎಂದು ಮನಸ್ಸು ಬಯಸುತ್ತದೆ. ಬಯಕೆಯೇ ಸಾಕ್ಷಿಯಲ್ಲ. ಪ್ರಭುಗಳ ಯೋಜನೆ ಕೆಟ್ಟಾಗ ದಂಡ ತೆತ್ತವರು ಹೊತ್ತುಕೊಂಡು ಹೋದವರೇ ಎಂಬುದಕ್ಕೆ ಇಸ್ತಾಂಬುಲ್‌ನ ಚಳಿಯಲ್ಲಿ ಸತ್ತವರು ಇದ್ದೇ ಇದ್ದಾರೆ.

ತೂಲೋನ್‌ನ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಹತ್ತು ವರ್ಷದ ನಂತರ, 1798ರ ಮೇ 19ರಂದು, ಅದೇ ಬಂದರಿನಿಂದ ನೆಪೋಲಿಯನ್ ದೊಡ್ಡ ನೌಕಾಪಡೆ ಕಟ್ಟಿಕೊಂಡು ಹೊರಟ. ಜುಲೈ ಮೊದಲಲ್ಲಿ ಈಜಿಪ್ಟಿನ ಇಸ್ಕಂದರಿಯಾದಲ್ಲಿ ಇಳಿದ. ಅಲ್ಲಿಂದ ಹಿಂದೂಸ್ತಾನಕ್ಕೆ ದಾರಿ ಮಾಡುವುದು ಅವನ ಕನಸು. ಆಗಸ್ಟ್ 1ರಂದು ನೆಲ್ಸನ್ ಅವನ ಹಡಗುಗಳನ್ನು ಅಬೂಕಿರ್ ಕೊಲ್ಲಿಯಲ್ಲಿ ಸುಟ್ಟುಹಾಕಿದ. ಆದರೂ 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಒಂದು ಪತ್ರ ಬರೆದ. ಇಂಗ್ಲಿಷರಿಂದ ನಿಮ್ಮನ್ನು ಬಿಡಿಸಲು ಬಂದಿದ್ದೇನೆ, ನಂಬಿಕಸ್ತನೊಬ್ಬನನ್ನು ಸೂಯೆಜ್‌ಗೋ ಕೈರೋಗೋ ಕಳಿಸಿ ಎಂಬುದು ಅದರ ಸಾರಾಂಶ. ಅಂದರೆ ಇನ್ನೊಂದು ರಾಯಭಾರ, ಇನ್ನೊಂದು ಪ್ರಯಾಣ! ಆ ಪತ್ರ ಶ್ರೀರಂಗಪಟ್ಟಣ ಮುಟ್ಟಲಿಲ್ಲ, ಕೆಂಪು ಸಮುದ್ರದ ತೀರದಲ್ಲೇ ಇಂಗ್ಲಿಷರ ಕೈಸೇರಿತು. ಟಿಪ್ಪು ಮಾರಿಷಸ್‌ನಿಂದ ನೂರರಷ್ಟು ಫ್ರೆಂಚ್ ಸ್ವಯಂಸೇವಕರನ್ನು ತರಿಸಿಕೊಂಡದ್ದು ಆಗಲೇ ಬಯಲಾಗಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಕಾರಣ ಸಾಕಷ್ಟಾಯಿತು. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಗುಂಡೇಟಿಗೆ ಸತ್ತ. 1788ರಲ್ಲಿ ತೂಲೋನ್‌ಗೆ ಹೋಗಿ ಬೇಡಿದಾಗ ಸಿಗದ ಫ್ರೆಂಚ್ ಸೈನ್ಯ 1798ರಲ್ಲಿ ತೂಲೋನ್‌ನಿಂದಲೇ ಹೊರಟಿತು. ಮೈಸೂರಿಗೆ ಬಂದು ಮುಟ್ಟಿದ್ದು ಅದರ ಸುದ್ದಿ ಮಾತ್ರ, ಅದೂ ಇಂಗ್ಲಿಷರ ಸೈನ್ಯವನ್ನು ಹಿಂದಿಟ್ಟುಕೊಂಡು.

ನನ್ನ ಸೊಸೆಗೆ ಇದನ್ನೆಲ್ಲ ಹೇಳುತ್ತಿದ್ದರೆ ಅವಳು ವೀಸಾದ ಕಾಗದಪತ್ರಗಳ ಪಟ್ಟಿ ಓದುತ್ತಿದ್ದಳು. ಬ್ಯಾಂಕಿನ ಲೆಕ್ಕ, ತೆರಿಗೆ ಕಟ್ಟಿದ ರಸೀದಿ, ಕೆಲಸ ಕೊಟ್ಟವರ ಪತ್ರ, ಹೋಟೆಲಿನ ಬುಕಿಂಗು, ವಾಪಸು ಬರುವ ಟಿಕೆಟ್ಟು, ಕನಿಷ್ಠ 30 ಸಾವಿರ ಯೂರೋದ ವಿಮೆ. ವಾಪಸು ಬರುತ್ತೇವೆಂದು ಇಷ್ಟೊಂದು ಬಗೆಯಲ್ಲಿ ನಂಬಿಸಬೇಕು. ಕತೆ ಬರೆಯುವವನಿಗೆ ಯಾವ ಮಾಲೀಕ ಪತ್ರ ಕೊಡುತ್ತಾನೆ ಎಂಬ ಚಿಂತೆ ನನಗೆ. ದರ್ವೇಶ್ ಖಾನರ ಹತ್ತಿರ ಟಿಪ್ಪುವಿನ ಮೊಹರು ಹಾಕಿದ ಪತ್ರವಿತ್ತು, ಅವರನ್ನು ತೂಲೋನ್‌ನಲ್ಲಿ ಯಾರೂ ವಿಮೆ ಕೇಳಿರಲಾರರು.

ನಮ್ಮ ಜಿಲ್ಲೆಗೆ ಈ ಕತೆಯ ಬಾಲವೊಂದು ಉಳಿದಿದೆ. ಟಿಪ್ಪು ಸತ್ತ ಮೇಲೆ ಅವನ ರಾಜ್ಯವನ್ನು ಹಂಚಿಕೊಂಡವರು ಹೊಸ ಮೈಸೂರಿನ ಗಡಿ ಗುರುತಿಸಲು ಸರ್ವೆ ಮಾಡಿಸಿದರು. ಪೂರ್ವದ ಗಡಿಯ ಕೆಲಸಕ್ಕೆ ಬಂದವನು ಲೆಫ್ಟಿನೆಂಟ್ ಜಾನ್ ವಾರನ್. ಇಲ್ಲಿ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದ. 1802ರಲ್ಲಿ ಊರಿಗಾಂ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ತೋರಿಸಿದರು. ಮಾರಿಕುಪ್ಪಂನಲ್ಲಿ ಜನ ಹಳೆಯ ಗುಂಡಿಗಳಿಗಿಳಿದು ಚಿನ್ನ ತೆಗೆಯುವುದನ್ನೂ ಅವನು ಕಂಡ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿನ ಚಿನ್ನ ಪೆಟ್ಟಿಗೆಗಳಲ್ಲಿ ಹಡಗು ಹತ್ತಿತು. ಅಷ್ಟರಲ್ಲಿ ಸೂಯೆಜ್ ತೆರೆದಿತ್ತು, ಆಫ್ರಿಕಾ ಸುತ್ತುವ ತೊಂದರೆ ಇರಲಿಲ್ಲ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಆ ರೈಲು ಬಂಗಾರಪೇಟೆಯ ಮೇಲೆ ಹಾದುಹೋಗುತ್ತದೆ. ಅದರಲ್ಲಿ ಪಾಸ್‌ಪೋರ್ಟ್ ಕಚೇರಿಗೆ ಹೋಗುವವರೂ ದಿನಕ್ಕೆ ನಾಲ್ಕಾರು ಜನ ಸಿಗುತ್ತಾರೆ. ಎದೆಗೆ ಪ್ಲಾಸ್ಟಿಕ್ ಫೈಲು ಅವುಚಿಕೊಂಡಿರುತ್ತಾರೆ, ಗುರುತಿಸುವುದು ಸುಲಭ.